ಜೀವ ಇರೋ ಭಾರ

ಊಟದ ಮೇಜಿನ ಮುಂದೆ ಕೂತು ಗಂಡ ಹೊಸ ಗಾಡಿಯ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಕೆರೆದು, ಕೀಲಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಪ್ಯಾಂಟಿಗೆ ಒರೆಸಿ, ಮತ್ತೆ ಇಂಜಿನ್ನಿನ ವಿಚಾರಕ್ಕೆ ಬರುತ್ತಿದ್ದ. ಎದುರಿಗೆ ಕೂತ ತಮ್ಮ ಬಾಯಲ್ಲಿ ತುತ್ತು ಇಟ್ಟುಕೊಂಡೇ ಉತ್ತರ ಕೊಡುತ್ತಿದ್ದ. ಅವನು ಹೇಳಿದ ಒಂದೊಂದು ಅಂಕಿಯ ಜೊತೆಗೂ ಒಂದೊಂದು ಅಗುಳು ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಅಕ್ಕ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತುಕೊಂಡೇ ಉಂಡಳು. ವಾರದಿಂದ ಹೀಗೇ ಆಗಿತ್ತು.

ಅವಳು ತಮ್ಮನಿಗೊಬ್ಬನಿಗೇ ಅಕ್ಕನಲ್ಲ. ಸುತ್ತಮುತ್ತ ಕುದುರೆ ಸಾಕಿದವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಕುದುರೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಅವರ ಕಸುಬು. ಶುರು ಮಾಡಿದ್ದು ಅಪ್ಪ. ಸಾಯುವ ಮುಂಚೆ ಎಲ್ಲವನ್ನೂ ಮಗಳ ಹೆಸರಿಗೆ ಬರೆದಿದ್ದ. ಗಂಡ ಗಾಡಿ ಓಡಿಸುತ್ತಿದ್ದ, ತಮ್ಮ ರಿಪೇರಿ ನೋಡಿಕೊಳ್ಳುತ್ತಿದ್ದ. ಕುದುರೆಯನ್ನು ಪುಸಲಾಯಿಸಿ ಟ್ರೇಲರ್ ಹತ್ತಿಸುವುದು, ದಾರಿಯಲ್ಲಿ ನೀರು ಕುಡಿಸುವುದು, ಇಳಿಸಿ ಹೊಸ ಲಾಯಕ್ಕೆ ಒಗ್ಗಿಸುವುದು ಅವಳ ಪಾಲಿಗೆ. ಹಿಂದಿನ ತಿಂಗಳು ಹಳೆಯ ಪಿಕಪ್ಪಿನ ಗೇರ್‌ಪೆಟ್ಟಿಗೆ ಕೈಕೊಟ್ಟಿತು. ಹೊಸದು ಬೇಕೇ ಬೇಕಾಯಿತು. ಯಾವುದು ಎಂಬಲ್ಲಿ ಭಾವ, ಭಾವಮೈದ ಇಬ್ಬರೂ ಕಚ್ಚಾಡತೊಡಗಿದರು.

ಗಂಡ ಒಂದು ಷೋರೂಮಿನಿಂದ ಕೆಂಪು ಗಾಡಿ ತಂದು ನಿಲ್ಲಿಸಿದ. ಓಡಿಸಿ ನೋಡಿ ಆಮೇಲೆ ಹೇಳಿ ಎಂದು ಅಲ್ಲಿಯವರು ಅಂದಿದ್ದರಂತೆ. ಹೊಸ ಮಾದರಿ, ಭಾರಿ ಡೀಸೆಲ್ ಇಂಜಿನ್, ಗೇರ್ ತಾನೇ ಬದಲಾಗುತ್ತದೆ, ಮುಂದೆ ಹಲ್ಲು ಕಿರಿದ ಹಾಗೆ ಹೊಳೆಯುವ ಜಾಲರಿ. ಮರುದಿನ ತಮ್ಮ ಇನ್ನೊಂದು ಷೋರೂಮಿನಿಂದ ಬಿಳಿ ಗಾಡಿ ತಂದ. ಕಾಗದದ ಮೇಲೆ ಅದರ ಶಕ್ತಿ ಕಡಿಮೆ. ಆದರೆ ಅದೇ ಇಂಜಿನ್ ಎಷ್ಟೋ ವರ್ಷದಿಂದ ಬದಲಾಗದೆ ಬಂದಿದೆ, ಯಾವ ಗ್ಯಾರೇಜಿನಲ್ಲಿ ಕೇಳಿದರೂ ಅದು ಮಧ್ಯದಾರಿಯಲ್ಲಿ ಕೈಬಿಡುವುದಿಲ್ಲ ಅನ್ನುತ್ತಾರೆ ಎಂಬುದು ಅವನ ವಾದ. ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಸ್ನಾನದ ಮನೆಯ ಬಾಗಿಲ ಹೊರಗೆ ನಿಂತು ಒಬ್ಬ ಕೂಗಿದರೆ ಒಳಗಿನಿಂದ ಸೋಪಿನ ನೊರೆಯಲ್ಲೇ ಇನ್ನೊಬ್ಬ ಕೂಗುತ್ತಿದ್ದ. ಅಂಗಳ ಪೂರ್ತಿ ಎಣ್ಣೆ ಒರೆಸಿ ಎಸೆದ ಬಟ್ಟೆ, ಸಿಗರೇಟಿನ ತುಂಡು. ಕುದುರೆಯ ಲದ್ದಿಯನ್ನು ಬರಿಗೈಯಲ್ಲಿ ಎತ್ತಿದವಳು ಅವಳು, ಹೊಲಸು ಕಂಡು ಮೂಗು ಮುರಿಯುವ ಹೆಂಗಸಲ್ಲ. ಆದರೂ ಈ ಇಬ್ಬರು ಗಂಡಸರ ಉತ್ಸಾಹ ನೋಡಿದರೆ ಅವಳಿಗೆ ಹೇಸಿಗೆಯಾಗುತ್ತಿತ್ತು.

ಆ ನಡುವೆ ಸವಾರಿ ಶಾಲೆಯ ಮೇಡಂ ಒಂದು ಕೆಲಸ ಹೇಳಿದರು. ಅವರ ಲಾಯದಲ್ಲಿ ಒಂದು ಹೆಣ್ಣು ಕುದುರೆ ಇತ್ತು, ಎಲ್ಲರ ಬಾಯಲ್ಲೂ ಅದರ ಹೆಸರು ಮುದುಕಿ. ಒಂದು ಕಣ್ಣು ಮಂಜಾಗಿತ್ತು, ಮಂಡಿ ಸೋತಿತ್ತು. ಊರಿನ ಅರ್ಧ ಮಕ್ಕಳು ಸವಾರಿ ಕಲಿತದ್ದು ಅದರ ಬೆನ್ನ ಮೇಲೆ. ಇನ್ನು ಸಾಕು, ಗುಡ್ಡದ ಮೇಲೆ ತಮ್ಮ ಸ್ವಂತ ಅಕ್ಕನ ತೋಟದಲ್ಲಿ ಹುಲ್ಲು ಮೇಯ್ದುಕೊಂಡಿರಲಿ ಎಂದು ಮೇಡಂ ನಿರ್ಧರಿಸಿದ್ದರು. ಆರಾಮಾಗಿ ಕರೆದುಕೊಂಡು ಹೋಗಿ, ಅದಕ್ಕೆ ತಿರುವು ಅಂದರೆ ಭಯ ಎಂದು ಎರಡೆರಡು ಸಲ ಹೇಳಿದ್ದರು.

ಆ ಬೆಳಿಗ್ಗೆ ಅಕ್ಕನೇ ಮುದುಕಿಯನ್ನು ಟ್ರೇಲರ್ ಹತ್ತಿಸಿದಳು. ಕೆಂಪು ಗಾಡಿಗೆ ಟ್ರೇಲರ್ ಕಟ್ಟಿ ಗಂಡ ಬರುವುದು, ಅಪ್ಪಿತಪ್ಪಿ ಏನಾದರೂ ಆದರೆ ಇರಲಿ ಎಂದು ತಮ್ಮ ಬಿಳಿ ಗಾಡಿಯಲ್ಲಿ ಹಿಂದೆ ಬರುವುದು ಎಂದು ಮಾತಾಯಿತು. ತೋಟದಲ್ಲಿ ಲಾಯ ಗುಡಿಸಿ ಹುಲ್ಲು ಹಾಸಬೇಕಿತ್ತು, ಅದಕ್ಕೆ ಅವಳು ಮುಂಚೆಯೇ ಬಸ್ಸು ಹಿಡಿದು ಗುಡ್ಡಕ್ಕೆ ಹೋದಳು.

ಲಾಯ ಸಿದ್ಧವಾಯಿತು, ತೊಟ್ಟಿಗೆ ನೀರು ತುಂಬಿತು. ಗಾಡಿ ಬರಲಿಲ್ಲ. ಮೇಡಂ ಅವರ ಅಕ್ಕ ಟೀ ಕೊಟ್ಟು, ತಡವಾಯಿತಲ್ಲ ಎಂದು ಗೇಟಿನ ಕಡೆ ನೋಡಿದರು. ತೋಟದ ಬೇಲಿಯ ಹತ್ತಿರ ನಿಂತರೆ ಗುಡ್ಡದ ರಸ್ತೆ ಬುಡದವರೆಗೂ ಕಾಣುತ್ತಿತ್ತು. ಅಕ್ಕ ಅಲ್ಲಿಗೆ ಹೋಗಿ ನಿಂತಳು. ಕೆಂಪು ಗಾಡಿ ಟ್ರೇಲರ್ ಎಳೆದುಕೊಂಡು ರಭಸವಾಗಿ ಮೇಲೆ ಬರುತ್ತಿತ್ತು. ಅಬ್ಬ, ಬಂದರಲ್ಲ ಅಂದುಕೊಂಡಳು. ಗಾಡಿ ಕೊನೆಯ ತಿರುವಿನ ಅಗಲ ಜಾಗಕ್ಕೆ ಬಂದು, ಅಲ್ಲೇ ಸುತ್ತು ಹೊಡೆದು, ಮತ್ತೆ ಕೆಳಗೆ ಇಳಿಯಿತು.

ಏನೋ ಮರೆತಿರಬೇಕು ಅಂದುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಅದೇ ಟ್ರೇಲರ್ ಮತ್ತೆ ಮೇಲೆ ಬಂತು. ಈಗ ಎಳೆಯುತ್ತಿದ್ದುದು ಬಿಳಿ ಗಾಡಿ. ಅದೂ ತಿರುವಿನಲ್ಲಿ ಸುತ್ತು ಹೊಡೆದು ಕೆಳಗಿಳಿಯಿತು. ಆಗ ಅವಳಿಗೆ ಅರ್ಥವಾಯಿತು. ಮುದುಕಿಯನ್ನು ಒಳಗಿಟ್ಟುಕೊಂಡೇ ಇಬ್ಬರೂ ಗಾಡಿ ಪರೀಕ್ಷೆ ಮಾಡುತ್ತಿದ್ದರು. ಮೇಡಂ ಅವರ ಅಕ್ಕನಿಗೆ ಏನು ಹೇಳಿದಳೋ, ಹೇಳಿದಳೋ ಇಲ್ಲವೋ, ಗೇಟು ದಾಟಿ ರಸ್ತೆಯಲ್ಲಿ ಓಡತೊಡಗಿದಳು.

ಗುಡ್ಡದ ಅರ್ಧಕ್ಕೆ ಗಾಡಿ ನಿಲ್ಲಿಸುವ ಜಾಗವೊಂದಿತ್ತು. ಅಲ್ಲಿ ಎರಡೂ ಗಾಡಿಗಳ ಬಾನೆಟ್ಟು ತೆಗೆದಿತ್ತು. ಇಬ್ಬರೂ ಬೆವರಿ, ಮುಖ ಕೆಂಪಾಗಿಸಿಕೊಂಡು, ಯಾವ ಇಂಜಿನ್ ಎಷ್ಟು ಕಾದಿದೆ ಎಂದು ಜಗಳವಾಡುತ್ತಿದ್ದರು. ತಮ್ಮನ ಕೈಯಲ್ಲಿ ಅರ್ಧ ತಿಂದ ಬನ್ನಿತ್ತು. ಟ್ರೇಲರ್ ಬಿಸಿಲಿನಲ್ಲಿ ನಿಂತಿತ್ತು. ಅವಳು ಅವರತ್ತ ನೋಡಲೂ ಇಲ್ಲ, ನೇರ ಹೋಗಿ ಹಿಂಬಾಗಿಲು ಇಳಿಸಿದಳು.

ಮೊದಲು ವಾಸನೆ ಬಂದು ಮುಖಕ್ಕೆ ಹೊಡೆಯಿತು. ಹೆದರಿದ ಕುದುರೆಯ ಲದ್ದಿ ನೀರು ನೀರಾಗಿರುತ್ತದೆ. ಅದು ಗೋಡೆಗೂ, ಬಾಗಿಲಿಗೂ, ಮುದುಕಿಯ ತೊಡೆಗೂ ಮೆತ್ತಿಕೊಂಡಿತ್ತು. ಕೆಳಗಿನ ರಬ್ಬರು ಹಾಸಿನ ಮೇಲೆ ಉಚ್ಚೆ ನಿಂತಿತ್ತು. ಅದರಲ್ಲಿ ಜಾರಿ ಜಾರಿ ಮುದುಕಿ ಒಂದು ಮಂಡಿ ತರಚಿಕೊಂಡಿತ್ತು. ಕುತ್ತಿಗೆ ಹಗ್ಗದಲ್ಲಿ ತಿರುಚಿಕೊಂಡು, ಮೂಗಿನ ಹೊಳ್ಳೆ ಬಟ್ಟಲಿನಷ್ಟು ಅಗಲವಾಗಿ, ಮೈಯೆಲ್ಲ ನೊರೆ. ಅವಳು ಕೊರಳ ಮೇಲೆ ಕೈಯಿಟ್ಟಳು. ಚರ್ಮದ ಕೆಳಗೆ ನಡುಕ ಹರಿಯುತ್ತಲೇ ಇತ್ತು.

"ಎಷ್ಟು ಸಲ ಹತ್ತಿಸಿದ್ರಿ?" ಎಂದು ಕೇಳಿದಳು.

ಗಂಡ ಹಣೆ ಒರೆಸಿಕೊಂಡ. "ತಲಾ ಎರಡು ಸಲ. ಒಂದೇ ಸಲದಲ್ಲಿ ಏನೂ ಗೊತ್ತಾಗಲ್ಲ."

"ಮರಳು ಮೂಟೆ ಹಾಕ್ಕೊಂಡು ನೋಡಕ್ಕೆ ಆಗ್ತಿರ್ಲಿಲ್ವಾ?"

"ಮೂಟೆ ಹಾಕಿದ್ರೆ ಹಾಕಿದಲ್ಲೇ ಬಿದ್ದಿರುತ್ತೆ," ಅಂದ ಗಂಡ, ಪಾಠ ಹೇಳುವವನ ಹಾಗೆ. "ಜೀವ ಇರೋ ಭಾರ ಆದ್ರೆ ತಿರುವಲ್ಲಿ ಅತ್ಲಾಗೆ ಇತ್ಲಾಗೆ ವಾಲುತ್ತೆ. ಗಾಡಿ ಯೋಗ್ಯತೆ ಆಗ ತಾನೇ ಗೊತ್ತಾಗೋದು."

"ಭಾವ ಹೇಳೋದು ಸರಿ ಅಕ್ಕ," ಎಂದ ತಮ್ಮ. ವಾರದಲ್ಲಿ ಇಬ್ಬರೂ ಒಪ್ಪಿದ್ದು ಅದೊಂದೇ ಮಾತು. ಹೇಳಿ ಬನ್ನಿನ ಉಳಿದ ತುಂಡನ್ನು ಬಾಯಿಗೆ ಹಾಕಿಕೊಂಡ.

ಅವಳಿಗೆ ನಿಜವಾಗಿಯೂ ವಾಕರಿಕೆ ಬಂತು. ಲದ್ದಿಯಿಂದಲ್ಲ, ಆ ಅಗಿಯುವ ದವಡೆಯಿಂದ. ಮುದುಕಿಯನ್ನು ಹಿಮ್ಮೆಟ್ಟಿಸಿ ಕೆಳಗಿಳಿಸಿ, ಹಗ್ಗ ಹಿಡಿದು ರಸ್ತೆಯ ಅಂಚಿನಲ್ಲಿ ಮೇಲೆ ನಡೆದಳು. ಹತ್ತಿಸು, ನಿಧಾನವಾಗಿ ಬರುತ್ತೇನೆ ಎಂದು ಗಂಡ ಹಿಂದಿನಿಂದ ಕರೆಯುತ್ತಲೇ ಇದ್ದ. ಮುದುಕಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಅದು ನಿಂತಾಗ ಅವಳೂ ನಿಲ್ಲುತ್ತಿದ್ದಳು.

ಮೇಡಂ ಅವರ ಅಕ್ಕ ಗೇಟಿನಲ್ಲೇ ಕಾದಿದ್ದರು. ದಾರಿಯಲ್ಲಿ ಗಾಡಿ ಕೆಟ್ಟಿತು ಅಂದಿದ್ದರೆ ನಂಬುತ್ತಿದ್ದರೇನೋ. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಬೈಯಲಿಲ್ಲ. ಬಕೆಟ್ಟು, ಬಟ್ಟೆ ತಂದು, ಬಗ್ಗಿ, ಮುದುಕಿಯ ಮಂಡಿ ತಾವೇ ತೊಳೆಯತೊಡಗಿದರು. ಅವಳು ನೆರವಾಗಲು ಹೋದಾಗ, "ನೀವು ಹೊರಡಿ, ನಾನು ನೋಡ್ಕೋತೀನಿ," ಅಂದರು. ಸಂಜೆ ಮೇಡಂ ಫೋನ್ ಮಾಡಿ, ಇನ್ನು ನಮ್ಮ ಲಾಯದ ಕುದುರೆಗಳಿಗೆ ಬೇರೆಯವರನ್ನು ನೋಡುತ್ತೇನೆ ಎಂದು ತಿಳಿಸಿ ಇಟ್ಟುಬಿಟ್ಟರು.

ಇದಾದ ಮೇಲಾದರೂ ಇಬ್ಬರೂ ತಲೆ ತಗ್ಗಿಸುತ್ತಾರೆ ಅಂದುಕೊಂಡಿದ್ದಳು. ತಗ್ಗಿಸಲಿಲ್ಲ. ಮುದುಕಿಗೆ ಮೊದಲೇ ಮಂಡಿ ಸರಿಯಿರಲಿಲ್ಲ ಎಂದು ಗಂಡ ಹೇಳಿದ. ಮೇಡಂ ಅವರದ್ದು ಯಾವಾಗಲೂ ಅತಿಯೇ ಎಂದು ತಮ್ಮ ದನಿಗೂಡಿಸಿದ. ಟ್ರೇಲರ್ ಮಾತ್ರ ಅಂಗಳದಲ್ಲಿ ಹಾಗೇ ನಿಂತಿತ್ತು. ತೊಳೆಯುವುದು ತನ್ನ ಕೆಲಸವಲ್ಲ ಎಂದು ಒಬ್ಬ, ಕೊನೆಗೆ ಎಳೆದವನು ತೊಳೆಯಲಿ ಎಂದು ಇನ್ನೊಬ್ಬ. ಅವಳೂ ಮುಟ್ಟಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದರ ಸುತ್ತ ನೊಣಗಳ ಜಾತ್ರೆ ನೆರೆದಿತ್ತು. ಅದರ ಪಕ್ಕದಲ್ಲೇ ನಿಂತು ಇಬ್ಬರೂ ಮತ್ತೆ ಶುರು ಹಚ್ಚಿಕೊಂಡರು: ಕೆಂಪು ಬೇಗ ಮೇಲೆ ಮುಟ್ಟಿತು, ಇಲ್ಲ, ಬಿಳಿ ಕಡಿಮೆ ಕಾಯಿತು.

ಅಕ್ಕ ಹೊರಗೆ ಬಂದಳು.

"ಕಾಗದಕ್ಕೆ ಸಹಿ ಹಾಕೋಳು ನಾನು," ಅಂದಳು. "ಎರಡನ್ನೂ ನಾನೇ ಓಡಿಸಿ ನೋಡ್ತೀನಿ. ಯಾವುದು ಸರಿ ಅನ್ಸುತ್ತೋ ಅದನ್ನ ತಗೊಳ್ಳೋಣ."

ಇಬ್ಬರಿಗೂ ಖುಷಿಯಾಯಿತು. ಭಾರಕ್ಕೆ ಏನು ಹಾಕೋಣ ಎಂದು ತಮ್ಮ ಕೇಳಿದ.

"ಜೀವ ಇರೋ ಭಾರನೇ ಬೇಕು ಅಂದ್ರಲ್ಲ. ಇಬ್ರೂ ಹತ್ತಿ."

ಗಂಡ ನಕ್ಕ. ಅವಳು ನಗಲಿಲ್ಲ. ಅವನು ಟ್ರೇಲರಿನ ಒಳಗೊಮ್ಮೆ ನೋಡಿ, ಮೊದಲು ತೊಳೆಯೋಣ ಅಂದ. ಬೇಡ, ಮುದುಕಿ ಇದ್ದಾಗ ಹೇಗಿತ್ತೋ ಹಾಗೇ ಇರಲಿ, ಇಲ್ಲದಿದ್ದರೆ ಹೋಲಿಸಿದ ಹಾಗಾಗುವುದಿಲ್ಲ ಎಂದಳು. ಹತ್ತದವನ ಗಾಡಿ ಇವತ್ತೇ ವಾಪಸು ಹೋಗುತ್ತದೆ ಎಂದೂ ಸೇರಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹಿಂಜರಿದಿದ್ದರೆ ಇನ್ನೊಬ್ಬನೂ ಹಿಂಜರಿಯುತ್ತಿದ್ದ. ಆದರೆ ಮೊದಲು ಸೋಲಲು ಇಬ್ಬರೂ ತಯಾರಿರಲಿಲ್ಲ. ತಮ್ಮ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹತ್ತಿದ. ಗಂಡ ಅವನ ಹಿಂದೆ ಹತ್ತಿದ. ಅವಳು ಹಿಂಬಾಗಿಲು ಎತ್ತಿ ಚಿಲಕ ಹಾಕಿದಳು.

ಮೊದಲು ಕೆಂಪು ಗಾಡಿ. ಏರಿನಲ್ಲಿ ಅದು ನಿಜಕ್ಕೂ ಆನೆಯ ಹಾಗೆ ಎಳೆಯಿತು, ಹಿಂದೆ ಟ್ರೇಲರ್ ಇದೆ ಎಂಬುದೇ ತಿಳಿಯಲಿಲ್ಲ. ಇಳಿಯುವಾಗ ತಿಳಿಯಿತು. ಗೇರ್ ತನ್ನಷ್ಟಕ್ಕೆ ಮೇಲಕ್ಕೂ ಕೆಳಕ್ಕೂ ತಡಕಾಡಿತು, ಟ್ರೇಲರ್ ಹಿಂದಿನಿಂದ ನೂಕತೊಡಗಿತು. ಬ್ರೇಕ್ ತುಳಿದೂ ತುಳಿದೂ ಬುಡಕ್ಕೆ ಬರುವ ಹೊತ್ತಿಗೆ ಸುಟ್ಟ ವಾಸನೆ ಕಿಟಕಿಯೊಳಗೆ ಬಂತು. ಅಂಗಳಕ್ಕೆ ಬಂದು, ಬಾಗಿಲು ತೆಗೆಯದೆಯೇ ಟ್ರೇಲರನ್ನು ಬಿಳಿ ಗಾಡಿಗೆ ಕಟ್ಟಿದಳು. ಅದು ಏರಿನಲ್ಲಿ ಏದುಸಿರು ಬಿಟ್ಟಿತು, ಹಿಂದಿನ ಬಸ್ಸಿನವನು ಹಾರ್ನ್ ಹೊಡೆದದ್ದೇ ಹೊಡೆದದ್ದು. ಇಳಿಜಾರಿನಲ್ಲಿ ಮಾತ್ರ ಎರಡನೇ ಗೇರಿಗೆ ಹಾಕಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟದ್ದು ಕಡಿಮೆ. ಅವಳು ಜೋರಾಗಿ ಓಡಿಸಲಿಲ್ಲ, ಬೇಕೆಂದು ಎಲ್ಲಿಯೂ ಕುಲುಕಿಸಲಿಲ್ಲ. ಮುದುಕಿ ಒಳಗಿದ್ದಾಗ ಗಂಡ ಓಡಿಸಿದ್ದಕ್ಕಿಂತ ನಿಧಾನವಾಗಿಯೇ ಹೋದಳು. ಹಿಂದಿನಿಂದ ಡಬಡಬ ಬಡಿಯುವ ಸದ್ದು ಬರುತ್ತಿತ್ತು, ಒಂದು ತಿರುವಿನಿಂದಾಚೆಗೆ ಅದೂ ನಿಂತಿತು.

ಅಂಗಳದಲ್ಲಿ ಬಾಗಿಲು ಇಳಿಸಿದಾಗ ಇಬ್ಬರೂ ಕೈಕಾಲೂರಿ ಹೊರಬಂದರು. ಗಂಡ ವಾಂತಿ ಮಾಡಿಕೊಂಡಿದ್ದ, ಹೆಚ್ಚಿನ ಪಾಲು ತಮ್ಮನ ಅಂಗಿಯ ಮೇಲಿತ್ತು. ತಮ್ಮನ ಕೂದಲಿನಿಂದ ಹಳೆಯ ಲದ್ದಿ ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ಕೂತು ಬಾಯಿ ತೆರೆದು ಉಸಿರಾಡಿದರು. ಅವಳು ಕಾದಳು. ಈಗ ಮುದುಕಿಯ ಮಾತು ಬರುತ್ತದೆ, ಒಂದೇ ಒಂದು ಮಾತು, ಎಂದು ಕಾದಳು.

ತಮ್ಮ ತುಟಿ ಒರೆಸಿಕೊಂಡ. "ನೋಡಿದ್ರಾ ಭಾವ? ನಿಮ್ಮದು ಇಳಿಯುವಾಗ ಹೇಗೆ ಎಗರಾಡ್ತು?"

"ಏರಲ್ಲಿ ನಿನ್ನದು ಸತ್ತೇ ಹೋಗಿತ್ತಲ್ಲ," ಅಂದ ಗಂಡ. ಮಾತು ಮುಗಿಯುವ ಮುಂಚೆಯೇ ಇನ್ನೊಂದು ಸಲ ಕಾರಿಕೊಂಡ.

ಅವಳಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗೆ ಯಾರಾದರೂ ಇರಬೇಕು. ಹಸಿ ನೆಲದ ಕಲ್ಲು ಎತ್ತಿದಾಗ ಕೆಳಗೆ ಹುಳು ಮಿಜಿಗುಟ್ಟುವುದನ್ನು ಕಂಡು ಕಲ್ಲನ್ನು ಹಾಗೇ ವಾಪಸು ಇಟ್ಟುಬಿಡುತ್ತೇವಲ್ಲ, ಹಾಗನ್ನಿಸಿತು. ನೀರಿನ ಪೈಪನ್ನು ಅವರ ಕಾಲ ಬಳಿ ಎಸೆದು ಒಳಗೆ ಹೋದಳು.

ಕೊನೆಗೆ ಬಿಳಿ ಗಾಡಿಗೇ ಸಹಿ ಹಾಕಿದಳು. ಏರುವಾಗ ತಡವಾದರೆ ತಡವಾಗಲಿ, ಇಳಿಯುವಾಗ ಹಿಡಿದು ನಿಲ್ಲಿಸುವ ಗಾಡಿ ಬೇಕಿತ್ತು. ತಮ್ಮ ಗೆದ್ದೆನೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ಅವನ ಖುಷಿ ಕೀಲಿ ಕೇಳುವವರೆಗೆ. ಜೀವ ಇರುವುದನ್ನು ಸಾಗಿಸುವಾಗ ಗಾಡಿ ಮುಟ್ಟುವವಳು ತಾನೊಬ್ಬಳೇ, ಹುಲ್ಲಿನ ಪಿಂಡಿ ಹೊರಬೇಕಾದಾಗ ನೀವಿಬ್ಬರೂ ಸರದಿ ಮಾಡಿಕೊಳ್ಳಿ ಎಂದು ಅವಳು ಇಬ್ಬರಿಗೂ ಹೇಳಿದಳು. ಗಂಡ ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದ. ಅವಳಿಗೆ ಆ ವಾರ ನೆಮ್ಮದಿಯಾಗಿತ್ತು. ಟ್ರೇಲರನ್ನು ಅವಳೇ ತೊಳೆದಳು, ಗೋಡೆ ಉಜ್ಜಿದಳು, ಹಳೆಯ ರಬ್ಬರು ಹಾಸು ಕಿತ್ತು ಹೊಸದು ಹಾಕಿದಳು.

ಗುಡ್ಡದ ಆಚೆಯ ಊರಿನವರೊಬ್ಬರ ಮರಿಕುದುರೆ ಬಿಟ್ಟು ಬರುವಾಗ ದಾರಿಯಲ್ಲಿ ತೋಟದ ಗೇಟಿಗೆ ಗಾಡಿ ನಿಲ್ಲಿಸಿದಳು. ಮೇಡಂ ಅವರ ಅಕ್ಕ ಒಳಗೆ ಕರೆಯಲಿಲ್ಲ, ಬೇಡವೆನ್ನಲೂ ಇಲ್ಲ. ಮುದುಕಿಯ ಮಂಡಿಯ ಗಾಯ ಒಣಗಿತ್ತು, ಊತ ಉಳಿದಿತ್ತು. ಹುಲ್ಲಿನಲ್ಲಿ ತಲೆ ಇಟ್ಟಿದ್ದ ಅದು ಅವಳ ದನಿ ಕೇಳಿ ಕಿವಿ ನಿಮಿರಿಸಿ ಬೇಲಿಯವರೆಗೆ ಬಂತು. ಅವಳು ಕೈ ಚಾಚಿದಳು. ಮುದುಕಿ ಬೆರಳು ಮೂಸಿತು, ಮುಂಗೈ ಮೂಸಿತು, ತೋಳಿನ ಹತ್ತಿರ ಬಂದು ಹಠಾತ್ತನೆ ತಲೆ ಎತ್ತಿ, ಕುಂಟುತ್ತಾ ತೋಟದ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತಿತು.

"ಡೀಸೆಲ್ ವಾಸನೆ ಬಂದ್ರೆ ಹಾಗೇ ಮಾಡುತ್ತೆ," ಎಂದರು ಮೇಡಂ ಅವರ ಅಕ್ಕ.

ಮನೆಗೆ ಬಂದಾಗ ಗಂಡ ಜಗಲಿಯ ಮೇಲೆ ಕೂತಿದ್ದ. ಮುನಿಸು ಮರೆತಿದ್ದನೇನೋ, ಏರಿನಲ್ಲಿ ಗಾಡಿ ಹೇಗೆ ಎಳೆಯಿತು, ಇಂಜಿನ್ ಕಾಯಿತೇ ಎಂದು ಕೇಳಿದ. ಅವಳು ಅವನನ್ನು ದಾಟಿ ಒಳಗೆ ಹೋಗಿ, ನಲ್ಲಿ ತಿರುಗಿಸಿ, ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದಳು. ಮೂಸಿ ನೋಡಿ, ಮತ್ತೆ ಸೋಪು ತೆಗೆದುಕೊಂಡಳು.