ಮೆಮೆಗೆ ಹತ್ತದ ದೀಪ

"ಇದು ಕೆಟ್ಟಿದೆ ಅಚೋ-ಲೆ. ಚಳಿ ತಡೀಲಿಲ್ಲ," ಎಂದು ಕುಂಜೆಸ್ ಸೋಲಾರ್ ದೀಪವನ್ನು ಅಂಗಡಿಯ ಮೇಜಿನ ಮೇಲೆ ಕುಕ್ಕಿದಳು.

ಲೇಹ್ ಪೇಟೆಯ ಆ ಅಂಗಡಿಯ ನವಾಂಗ್, ಅವಳು ಅಣ್ಣಾ ಎಂದು ಕರೆಯುತ್ತಿದ್ದವನು, ಬಾಗಿಲೆಳೆದು ಕತ್ತಲು ಮಾಡಿದ. ದೀಪದ ಮುಂದೆ ಕೈಯಾಡಿಸಿದ. ಫಕ್ಕನೆ ಹತ್ತಿತು. ಕುಂಜೆಸ್‌ಳ ಮುಖ ಸಪ್ಪಗಾಯಿತು.

ಅದನ್ನು ಆಯ್ದು ತಂದವಳು ಅವಳೇ. ಗಂಡ ಗಡಿಯ ರಸ್ತೆ ಕೆಲಸಕ್ಕೆ ಹೋದ ಮೇಲೆ ಕೊಟ್ಟಿಗೆಯ ಭಾರ ಮಾವನ ಹೆಗಲಿಗೆ ಬಿದ್ದಿತ್ತು; ಹಿಮಚಿರತೆಯ ಕಾಟ ಬೇರೆ. ಅದಕ್ಕೇ ಅಂಗಡಿ ಅಂಗಡಿ ಅಲೆದು, ನೀರು ಕಲ್ಲಾಗುವ ಚಳಿಯಲ್ಲಿ ಬ್ಯಾಟರಿ ಬಾಳುತ್ತಾ, ಫಲಕದ ಮೇಲೆ ಹಿಮ ನಿಲ್ಲದೆ ಜಾರುತ್ತಾ, ಯಾರಾದರೂ ಸುಳಿದರೆ ತಾನಾಗಿ ಹತ್ತುತ್ತಾ ಎಂದು ನವಾಂಗನ ತಲೆ ತಿಂದು ಇದನ್ನು ಖರೀದಿಸಿದ್ದಳು.

ದೀಪಕ್ಕೂ ಮಾವನಿಗೂ ಮಾತ್ರ ಆಗಿಬರಲಿಲ್ಲ. ಊರಿಗೆಲ್ಲ ಮೆಮೆ, ಅಂದರೆ ಅಜ್ಜನಾದ ಆ ಮುದುಕ ದಿನವೂ ಮುಸ್ಸಂಜೆ ಕೊಟ್ಟಿಗೆಯಿಂದ ಬಂದವನೇ ಒಲೆಯ ಪಕ್ಕ ಕೂತು ಶುರುಮಾಡುತ್ತಿದ್ದ: "ನಾಯಿ ಬಂದ್ರೆ ದೀಪ ಹಿಡಿದು ಸ್ವಾಗತ ಮಾಡುತ್ತೆ ನಿನ್ನ ದೀಪ. ಯಜಮಾನ ಬಂದ್ರೆ ಕಣ್ಣು ಮುಚ್ಚಿಕೊಳ್ಳುತ್ತೆ. ನಾನು ಸತ್ತೆ ಅಂದ್ಕೊಂಡಿದೆಯೋ ಏನೋ!"

ಎಲ್ಲರೂ ಅಬಿ, ಅಂದರೆ ಅಜ್ಜಿ ಎನ್ನುತ್ತಿದ್ದ ಅತ್ತೆ ಬಿದ್ದು ಬಿದ್ದು ನಗುತ್ತಿದ್ದಳು. ಕುಂಜೆಸ್‌ಗೆ ಮಾತ್ರ ರೇಗುತ್ತಿತ್ತು. ಅಷ್ಟು ಹುಡುಕಿ ತಂದದ್ದನ್ನು ಹಳಿದರೆ ಯಾರಿಗೆ ತಾನೇ ರೇಗದು? ಒಂದು ದಿನ ಮೆಮೆ ಟಾರ್ಚ್ ಕೇಳಿದಾಗ, "ದೀಪ ಇದೆಯಲ್ಲ ಮೆಮೆ-ಲೆ, ಸುಮ್ನೆ ಹೋಗಿ," ಎಂದುಬಿಟ್ಟಿದ್ದಳು.

"ಚೆನ್ನಾಗೇ ಇದೆಯಲ್ಲ ನೋಮೋ. ಏನಾಯ್ತು?" ಅಂಗಡಿಯಲ್ಲಿ ನವಾಂಗ್ ತಂಗಿಯನ್ನು ಕೇಳುವಂತೆ ಕೇಳಿದ.

"ನಮ್ಮ ಮಾವ ತೀರಿಕೊಂಡ್ರು. ಕೊಟ್ಟಿಗೆ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು. ಇದು ಹತ್ತಲಿಲ್ಲ. ಅವರಿಗೆ ಕಾಣಲಿಲ್ಲ." ಅವಳು ದೀಪವನ್ನು ಅವನತ್ತ ದೂಡಿದಳು. "ಸೊಂಟ ಮುರೀತು. ಹಾಸಿಗೆ ಬಿಟ್ಟು ಏಳಲೇ ಇಲ್ಲ. ಕೆಟ್ಟಿತ್ತು ಅಂತ ಹೇಳಿ ಅಚೋ-ಲೆ, ನನಗೆ ಅಷ್ಟು ಸಾಕು."

"ಮೈಮೇಲೆ ಏನು ಹಾಕಿದ್ರು?"

"ಕುರಿ ತೊಗಲಿನ ದೊಡ್ಡ ಅಂಗಿ. ಕಿವಿ ಮುಚ್ಚೋ ಟೋಪಿ. ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಉಣ್ಣೆ ಶಾಲು. ನಾನೇ ಸುತ್ತಿ ಕಳಿಸ್ತಿದ್ದೆ. ಇಲ್ಲದಿದ್ರೆ ಅವರೆಲ್ಲಿ ಹೊದೀತಿದ್ರು?"

ನವಾಂಗ್ ದೀಪವನ್ನು ಬಟ್ಟೆಯಿಂದ ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

"ಇದು ಅಲುಗೋ ಮೈಯ ಶಾಖಕ್ಕೆ ಹತ್ತೋದು, ನೋಮೋ," ಎಂದ ಕೊನೆಗೆ. "ಶಾಖ ಹೊರಗೆ ಬರದ ಹಾಗೆ ಸುತ್ತಿದ್ರೆ, ಅದಕ್ಕೆ ಮನುಷ್ಯ ಗೊತ್ತಾಗೋದೇ ಇಲ್ಲ." ಅವಳ ಮುಖ ನೋಡಿ ಗಾಬರಿಯಾಗಿ, "ಯಾವಾಗ್ಲೂ ಹಾಗೇ ಅಂತಲ್ಲ. ಬೇಕಾದ್ರೆ ಬೇರೆ ಕೊಡ್ತೀನಿ," ಎಂದ.

ಅವಳಿಗೆ ಬೇರೆ ಬೇಡವಾಗಿತ್ತು. ಮೆಮೆ ಗಲ್ಲ ಎತ್ತಿ ಕೊಡುತ್ತಿದ್ದದ್ದು, ತಾನು ಶಾಲಿನ ತುದಿಯನ್ನು ಬಿಗಿಯಾಗಿ ಒಳಗೆ ಸಿಕ್ಕಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ದೀಪವನ್ನು ಎತ್ತಿಕೊಂಡು ಬಸ್ಸಿಗೆ ನಡೆದಳು.

ಊರು ಸೇರಿ ಅದನ್ನು ಮತ್ತೆ ಕೊಟ್ಟಿಗೆಯ ಗೋಡೆಗೆ ಸಿಕ್ಕಿಸುವಷ್ಟರಲ್ಲಿ ಸಂಜೆಗತ್ತಲು ಕವಿದಿತ್ತು. ಕುಂಜೆಸ್ ಮುಖಕ್ಕೆಲ್ಲ ಶಾಲು ಸುತ್ತಿಕೊಂಡು ಗೋಡೆಯಿಂದ ದೂರ ಸರಿದು ನಿಂತಳು. ಮೇಕೆ ನೋಡಲು ಅಬಿ ಹೊರಬಂದಳು, ಮೂಗಿನವರೆಗೂ ಹೊದ್ದುಕೊಂಡು. ದೀಪ ಹತ್ತಲಿಲ್ಲ. ಕುಂಜೆಸ್ ಓಡಿಹೋಗಿ ಅವಳ ಮುಖದ ಶಾಲನ್ನು ಎಳೆದು ತೆಗೆದಳು.

"ಅಯ್ಯೋ, ತಲೆ ಕೆಟ್ಟಿದೆಯೇನೇ! ಈ ಚಳೀಲಿ—"

ಅಂಗಳವೆಲ್ಲ ಬೆಳಗಿತು. ಮೆಟ್ಟಿಲ ಮೇಲಿನ ಹಿಮದ ಗಡ್ಡೆ ಬೆಳ್ಳಗೆ ಹೊಳೆಯಿತು. ಅಬಿ ಅದನ್ನು ದಾಟಿ ಕಾಲಿಟ್ಟು, ತಿರುಗಿ, ಬೊಚ್ಚುಬಾಯಿ ತೆರೆದು ನಕ್ಕಳು.

"ನೋಡಿದೆಯಾ! ಎಷ್ಟು ಚೆನ್ನಾಗಿ ಹತ್ತುತ್ತೆ. ನಿನ್ನ ಮಾವ ಸಾಯೋವರೆಗೂ ಸುಮ್ಮಸುಮ್ನೆ ಇದನ್ನ ಬೈದ್ರು. ನೀನು ಸರಿಯಾಗೇ ನೋಡಿ ತಂದಿದ್ದೆ ಮಗಳೇ."

ಅಬಿ ಮೇಕೆಗಳನ್ನು ಮಾತಾಡಿಸುತ್ತ ಕೊಟ್ಟಿಗೆಯೊಳಗೆ ಹೋದಳು. ಅವಳ ಬೆಚ್ಚಗಿನ ಶಾಲನ್ನು ಎರಡೂ ಕೈಯಲ್ಲಿ ಹಿಡಿದು ಕುಂಜೆಸ್ ನಿಂತಲ್ಲೇ ನಿಂತಳು. ಅವಳು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ದೀಪ ಆರಿತು.