ಮೆತ್ತಗೆ ಹೇಳುವವರು

ನನ್ನ ಅತ್ತಿಗೆಗೆ ಸಿಟ್ಟು ಬಂದರೆ ನಮಗಾರಿಗೂ ಭಯವಾಗುತ್ತಿರಲಿಲ್ಲ. ಅವರ ದನಿ ತಗ್ಗಿದರೆ ಭಯವಾಗುತ್ತಿತ್ತು. ಮಾಮೂಲಿ ಹೊತ್ತಿನಲ್ಲಿ ಅಡುಗೆಮನೆಯಿಂದ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡುವ, ತಮ್ಮ ತಮಾಷೆಗೆ ತಾವೇ ಮೊದಲು ನಗುವ ಹೆಂಗಸು, ಕೆಟ್ಟ ಸುದ್ದಿಯೊಂದು ಕೈಸೇರಿದೊಡನೆ ಬೇರೆಯೇ ವ್ಯಕ್ತಿಯಾಗಿಬಿಡುತ್ತಿದ್ದರು. ನಮ್ಮ ತಂದೆ ತೀರಿಕೊಂಡ ದಿನ ನನಗೆ ಫೋನು ಮಾಡಿದ್ದು ಅವರೇ. "ಎಲ್ಲಿದ್ದೀಯ? ಮೊದಲು ಎಲ್ಲಾದ್ರೂ ಕೂತ್ಕೊ" ಎಂದರು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆ. ಅವರು ಆಮೇಲೆ ಹೇಳಿದ ಮಾತುಗಳು ನೆನಪಿಲ್ಲ. ಕುಸಿಯುತ್ತಿರುವವನ ರಟ್ಟೆ ಹಿಡಿದು ಯಾರೋ ಮೆಲ್ಲಗೆ ನೆಲಕ್ಕಿಳಿಸಿದಂತೆ ಅನ್ನಿಸಿದ್ದು ಮಾತ್ರ ನೆನಪಿದೆ.

ಈ ಗುಣದ ಬೆಲೆಯನ್ನು ಮನೆಯವರಿಗಿಂತ ಚೆನ್ನಾಗಿ ಅರಿತದ್ದು ಅವರ ಕಂಪನಿ. ಸಾಫ್ಟ್‌ವೇರ್ ಸಂಸ್ಥೆಯೊಂದರ ಎಚ್.ಆರ್. ವಿಭಾಗಕ್ಕೆ ಅವರು ಸೇರಿದ್ದು ಹೊಸಬರನ್ನು ಆರಿಸಿ ತರುವ ಕೆಲಸಕ್ಕೆ. ಯಾರ ಮಗು ಯಾವ ತರಗತಿ, ಯಾರ ತಾಯಿಗೆ ಕಣ್ಣಿನ ಆಪರೇಷನ್ ಆಗಿದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಏಸಿಯ ಚಳಿಗೆಂದು ಕೊಂಡ ಬೂದುಬಣ್ಣದ ಸ್ವೆಟರೊಂದನ್ನು ತೊಟ್ಟು, ಕೊರಳಿನ ಐಡಿ ಕಾರ್ಡು ತೂಗಾಡದಂತೆ ಎಡಗೈಯಲ್ಲಿ ಹಿಡಿದು, ಪುಟ್ಟಪುಟ್ಟ ಹೆಜ್ಜೆಗಳಲ್ಲಿ ಸರಸರನೆ ನಡೆಯುವ ಅವರು ಬಂದರೆ ಜನ ಕುರ್ಚಿ ತಿರುಗಿಸಿ ಮಾತಿಗೆಳೆಯುತ್ತಿದ್ದರಂತೆ. ಕಂಪನಿಗೆ ಕೆಟ್ಟ ದಿನಗಳು ಬಂದು ಸಿಬ್ಬಂದಿಯನ್ನು ಕೆಲಸದಿಂದ ಕಳಿಸುವ ಕಾಲ ಒದಗಿದಾಗ, ಆ ಸುದ್ದಿ ಹೇಳಲು ಮೇಲಿನವರಿಗೆ ಬೇರೆ ಯಾರೂ ಹೊಳೆಯಲಿಲ್ಲ.

ಗಾಜಿನ ಗೋಡೆಗಳ ಆ ಕಚೇರಿಯಲ್ಲಿ, ಹಳೆಯ ಪ್ರಿಂಟರುಗಳನ್ನು ತುಂಬಿಟ್ಟಿದ್ದ ಕಿಟಕಿಯಿಲ್ಲದ ಕೋಣೆಯೊಂದನ್ನು ಅವರು ಹಟ ಹಿಡಿದು ಖಾಲಿ ಮಾಡಿಸಿದರು. ಅಳುವವರನ್ನು ನಾಲ್ಕು ಜನ ನೋಡಬಾರದೆಂಬುದು ಅವರ ವಾದ. ಬಂದವರನ್ನು ಬಾಗಿಲ ಕಡೆ ಬೆನ್ನಾಗಿ ಕೂರಿಸುವರು, ನೀರಿನ ಲೋಟವನ್ನು ಅವರತ್ತ ಸರಿಸುವರು, ಮೊದಲ ವಾಕ್ಯದಲ್ಲೇ ವಿಷಯ ಹೇಳಿ, ಆಮೇಲೆ ಎಷ್ಟು ಹೊತ್ತಾದರೂ ಸುಮ್ಮನಿರುವರು. ಕೊನೆಕೊನೆಗೆ ಕಚೇರಿಯಲ್ಲಿ ಅವರಿಗೆ 'ನೀರಿನ ಮೇಡಂ' ಎಂಬ ಹೆಸರೇ ಬಿದ್ದುಹೋಯಿತು. ಅತ್ತಿಗೆ ಯಾರನ್ನಾದರೂ ಸಹಜವಾಗಿ ನೀರು ಬೇಕಾ ಎಂದು ಕೇಳಿದರೂ ಕೇಳಿಸಿಕೊಂಡವರ ಮುಖ ಬಿಳುಚಿಕೊಳ್ಳುತ್ತಿತ್ತಂತೆ. ಇದನ್ನು ಅತ್ತಿಗೆ ನಗುತ್ತಲೇ ಹೇಳಿದ್ದರು, ನಾವ್ಯಾರೂ ನಗಲಿಲ್ಲ.

ಒಬ್ಬ ಮಧ್ಯವಯಸ್ಸಿನ ಇಂಜಿನಿಯರು ಎಲ್ಲ ಕೇಳಿಸಿಕೊಂಡು, ಧನ್ಯವಾದ ಹೇಳಿ, ಲಿಫ್ಟಿಳಿದು ಹೋದವರು ಮತ್ತೆ ಮರಳಿ ಬಂದರಂತೆ. ಊಟದ ಡಬ್ಬಿ ಮೇಜಿನ ಮೇಲೇ ಉಳಿದಿತ್ತು; ಆದರೆ ಅವರ ಕಾರ್ಡಿಗೆ ಆಗಲೇ ಬಾಗಿಲು ತೆರೆಯುತ್ತಿರಲಿಲ್ಲ. ಅತ್ತಿಗೆ ತಾವೇ ಹೋಗಿ ಡಬ್ಬಿ ತಂದು, ಗೇಟಿನವರೆಗೂ ಅವರ ಜೊತೆ ನಡೆದು, ಕೈಗೆ ಕೊಟ್ಟು ಬಂದರು. ಡಬ್ಬಿ ಇನ್ನೂ ತುಂಬಿತ್ತು, ತೂಕದಲ್ಲೇ ಗೊತ್ತಾಯಿತು ಎಂದು ಬಹಳ ದಿನಗಳ ಮೇಲೆ ಅಣ್ಣನೆದುರು ಅಂದರಂತೆ.

ಕೊನೆಗೊಂದು ದಿನ ಅತ್ತಿಗೆಯ ಸರದಿಯೂ ಬಂತು. ಕೋಣೆಯಿಲ್ಲ, ಲೋಟವಿಲ್ಲ, ಮನೆಯ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ಎಂದೂ ನೋಡದ ಯುವಕನೊಬ್ಬ ಕಾಣಿಸಿಕೊಂಡು ಓದತೊಡಗಿದ. ನಾನು ಆಗ ಅಲ್ಲೇ ಸೋಫಾದ ಮೇಲೆ ಪೇಪರು ಹಿಡಿದು ಕೂತಿದ್ದೆ. ಎರಡು ವಾಕ್ಯ ಆಗುವಷ್ಟರಲ್ಲಿ ಅತ್ತಿಗೆಯ ಹುಬ್ಬು ಗಂಟಿಕ್ಕಿತು. ಆ ಮಾತುಗಳೆಲ್ಲ ಅವರವೇ. ಹೊಸಬರಿಗೆ ಕಲಿಸಲೆಂದು ಅವರೇ ಬರೆದುಕೊಟ್ಟಿದ್ದವು. ಹುಡುಗ ಉಸಿರು ಬಿಡದೆ ಓದುತ್ತಿದ್ದ.

"ಅಲ್ಲಿ ಸ್ವಲ್ಪ ನಿಲ್ಲಿಸ್ಬೇಕಪ್ಪ," ಎಂದರು ಅತ್ತಿಗೆ. "ಕೇಳೋರಿಗೆ ಅದು ಒಳಗಿಳೀಬೇಕಲ್ಲ."

ಅವನು ಕ್ಷಮೆ ಕೇಳಿ, ಹಿಂದಿನ ಸಾಲಿನಿಂದ ಮತ್ತೆ ಓದಿದ. ಈ ಸಲ ನಿಲ್ಲಿಸಿದ. ಆ ನಿಲುಗಡೆಯಲ್ಲಿ ಅತ್ತಿಗೆ ಪರದೆಯನ್ನಲ್ಲ, ಮೇಜಿನ ಮೇಲೆ ಚಾಚಿದ್ದ ತಮ್ಮ ಎರಡು ಕೈಗಳನ್ನು ನೋಡುತ್ತಿದ್ದರು.

ಮರುದಿನದಿಂದಲೇ ಅವರು ಅದೇ ಸ್ವೆಟರು ತೊಟ್ಟು ಅದೇ ಮೇಜಿಗೆ ಕೂತು ಕೆಲಸಕ್ಕೆ ಅರ್ಜಿ ಬರೆಯತೊಡಗಿದರು. ಶಾಲೆಯಲ್ಲಿ ಗಣಿತ ಕಲಿಸುವ ಅಣ್ಣನ ಸಂಬಳದಿಂದ ಮನೆ ನಡೆದೀತು, ಮಗಳ ಕಾಲೇಜು ನಡೆಯಲಾರದು ಎಂಬುದು ಯಾರೂ ಬಾಯಿಬಿಟ್ಟು ಆಡದೆ ಎಲ್ಲರಿಗೂ ತಿಳಿದಿದ್ದ ಸತ್ಯ. ಅರ್ಜಿಗಳಲ್ಲಿ ಅತ್ತಿಗೆ ಕೇಳಿದ್ದು ನೇಮಕಾತಿಯ ಕೆಲಸ, ಇಲ್ಲವೇ ತರಬೇತಿಯ ಕೆಲಸ. ಜನರನ್ನು ಕಳಿಸಿದ ವರ್ಷಗಳ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಆದರೆ ಬರೆಯದಿದ್ದರೇನು, ಆ ಖ್ಯಾತಿ ಅವರಿಗಿಂತ ಮುಂಚೆಯೇ ಸಂದರ್ಶನದ ಕೋಣೆ ಹೊಕ್ಕು ಕೂತಿರುತ್ತಿತ್ತು. ತರಬೇತಿಯ ಕುರಿತು ಒಂದೆರಡು ಕಾಟಾಚಾರದ ಪ್ರಶ್ನೆಗಳಾದ ಮೇಲೆ, ಎದುರಿನವರು ಮುಂದಕ್ಕೆ ಬಾಗಿ, ಅಷ್ಟು ಜನರನ್ನು ಕಳಿಸಿದರೂ ಒಬ್ಬರೂ ಕೋರ್ಟಿಗೆ ಹೋಗಲಿಲ್ಲವಂತಲ್ಲ, ಹೇಗೆ ಸಾಧ್ಯವಾಯಿತು ಎಂದು ಕುತೂಹಲದಿಂದ ಕೇಳುತ್ತಿದ್ದರು.

ತಿಂಗಳುಗಳು ಉರುಳಿದವು. ಚಿಕ್ಕದೊಂದು ಕಂಪನಿಯಲ್ಲಿ ನೇಮಕಾತಿಯ ಹುದ್ದೆಯೊಂದು ಕೈಗೆಟುಕಿತು ಅನ್ನುವಷ್ಟರಲ್ಲಿ, ಕೊನೆಯ ಸುತ್ತಿನ ಮಾತುಕತೆಗೆ ಒಳಬಂದವರು ಡಬ್ಬಿ ಮರೆತಿದ್ದ ಅದೇ ಇಂಜಿನಿಯರು. ಈಗ ಅಲ್ಲಿ ದೊಡ್ಡ ಸ್ಥಾನದಲ್ಲಿದ್ದರು. ಕೈಮುಗಿದು ನಮಸ್ಕರಿಸಿದರು, ಮನೆಯವರ ಕ್ಷೇಮ ವಿಚಾರಿಸಿದರು. ಸೇಡಿನ ಲವಲೇಶವೂ ಇರಲಿಲ್ಲವಂತೆ. ಇದ್ದಿದ್ದರೆ ಚೆನ್ನಾಗಿತ್ತು ಎಂದರು ಅತ್ತಿಗೆ.

"ಮೇಡಂ, ನಿಮ್ಮಂಥೋರು ಎಲ್ಲೂ ಸಿಗಲ್ಲ," ಎಂದಿದ್ದರು ಅವರು. "ಆದ್ರೆ ನಮ್ಮಲ್ಲಿ ಆ ಕಂಪನಿಯಿಂದ ಬಂದೋರು ತುಂಬ ಜನ ಇದ್ದಾರೆ. ನೀವು ಒಳಗೆ ನಡೆದು ಬಂದ್ರೆ ಅವರು ಆಗಲೇ ಮೇಜು ಖಾಲಿ ಮಾಡೋಕೆ ಶುರು ಮಾಡ್ತಾರೆ. ನನಗೇ ಈಗ ಗಂಟಲು ಒಣಗ್ತಿದೆ."

ಅಂದು ಮನೆಗೆ ಬಂದವರು ಸ್ವೆಟರು ಬಿಚ್ಚದೆ, ದೀಪ ಹಾಕದೆ, ಅಡುಗೆಮನೆಯ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದರು.

ಅದಾದ ಮೇಲೆ ಬೇರೊಂದು ಕಡೆಯಿಂದ ಕರೆ ಬಂತು. ಎರಡು ಕಂಪನಿಗಳು ಒಂದಾಗಲಿದ್ದವು; ಒಂದೇ ಕೆಲಸಕ್ಕೆ ಇಬ್ಬಿಬ್ಬರು ಇರುವಲ್ಲಿ ಒಬ್ಬರನ್ನು ಬಿಡಬೇಕಿತ್ತು; ಅದನ್ನು ಹೇಳಲು ಅವರಿಗೆ ಅತ್ತಿಗೆಯೇ ಬೇಕಿತ್ತು. ಹೋಗಬೇಡಿ ಅತ್ತಿಗೆ, ಇನ್ನೆರಡು ತಿಂಗಳು ನೋಡೋಣ ಎಂದು ನಾನು ಹೇಳಿದೆ. ಅವರು ಒಗೆದ ಬಟ್ಟೆಗಳನ್ನು ಮಡಿಚುತ್ತಿದ್ದರು.

"ನಾನು ಹೋಗ್ದಿದ್ರೆ ಇನ್ಯಾರೋ ಹುಡುಗ ಬಂದು ಗಡಗಡ ಓದಿ ಹೋಗ್ತಾನೆ," ಎಂದರು. ಒಂದು ಅಂಗಿ ಮಡಿಚಿ ಬದಿಗಿಟ್ಟರು. "ಹಾಗಂತ ನನಗೆ ನಾನೇ ಸಮಾಧಾನ ಹೇಳ್ಕೊಳ್ತಿದೀನಿ. ನಿಜ ಹೇಳ್ಬೇಕಂದ್ರೆ, ನನಗೆ ಕೆಲಸ ಬೇಕು."

ಸೇರಿದರು. ಮಗಳ ಕಾಲೇಜು ನಡೆಯಿತು. ಮನೆ ಹಳಿಗೆ ಬಂತೆಂದು ನಾವೆಲ್ಲ ಉಸಿರುಬಿಟ್ಟೆವು. ಹೊಸ ಕಚೇರಿಯಲ್ಲಿ ಅತ್ತಿಗೆ ಯಾರ ಮಗುವಿನ ಹೆಸರನ್ನೂ ಕೇಳಲಿಲ್ಲ. ಮಧ್ಯಾಹ್ನದ ಊಟವನ್ನು ಕೆಳಗಿಳಿದು ಕಾರಿನೊಳಗೆ ಒಬ್ಬರೇ ಮುಗಿಸುತ್ತಿದ್ದರು. ಆದರೂ ಪಕ್ಕದ ಮೇಜಿನ ಹುಡುಗಿಯೊಬ್ಬಳು ಬಿಡದೆ ಹಚ್ಚಿಕೊಂಡು, ಭಾನುವಾರ ತನ್ನ ಪುಟ್ಟ ಮಗಳ ಹುಟ್ಟುಹಬ್ಬಕ್ಕೆ ಬರಲೇಬೇಕೆಂದು ಕರೆದಳು. ಅತ್ತಿಗೆ ಅಂಗಡಿ ಅಂಗಡಿ ಅಲೆದು ಮರದ ಆಟಿಕೆಯ ರೈಲೊಂದನ್ನು ತಂದು, ಬಣ್ಣದ ಕಾಗದ ಸುತ್ತಿ ಕಪಾಟಿನ ಮೇಲಿಟ್ಟರು. ಭಾನುವಾರ ಸಂಜೆ ನಾನು ಹೋದಾಗ ಅದು ಅಲ್ಲೇ ಇತ್ತು. ಹೋಗಲಿಲ್ಲವೇ ಎಂದೆ.

"ಮುಂದಿನ ವಾರ ಅವಳನ್ನ ಒಳಗೆ ಕರೀಬೇಕು," ಎಂದರು. "ಕೇಕ್ ತಿಂದು ಬಂದು ಹೇಗಪ್ಪ ಕರೀಲಿ?"

ಇಂಥವರು ಎಲ್ಲ ಕಾಲದಲ್ಲೂ ಇದ್ದಾರೆ: ಆಸ್ಪತ್ರೆಯ ಪಡಸಾಲೆಗಳಲ್ಲಿ, ಪೊಲೀಸು ಠಾಣೆಗಳಲ್ಲಿ, ಕಚೇರಿಗಳ ಕಿಟಕಿಯಿಲ್ಲದ ಕೋಣೆಗಳಲ್ಲಿ. ಏಟು ಅವರದಲ್ಲ, ಆದರೆ ಅದು ಬೀಳುವುದು ಅವರ ಕೈಯಿಂದ. ಆ ಕೈ ಮೃದುವಾಗಿರುವುದರಿಂದ ತಿಂದವನಿಗೆ ನೋವು ಕೊಂಚ ತಗ್ಗುತ್ತದೆ, ಹೊಡೆಸಿದವನಿಗೆ ತಾನು ಹೊಡೆಸಿದ್ದೇ ಮರೆತುಹೋಗುತ್ತದೆ.  ಇದೆಲ್ಲ ಗೊತ್ತಿದ್ದೂ, ನನಗೂ ಅಂಥ ದಿನ ಬಂದರೆ ಎದುರಿಗೆ ಇಂಥವರೇ ಕೂತಿರಲಿ ಎಂದು ಬಯಸುತ್ತೇನೆ. ನಾವೆಲ್ಲರೂ ಹಾಗೆ ಬಯಸುವುದರಿಂದಲೇ ಈ ಲೋಕ ಅವರಿಗೆ ಬೇರೆ ಕೆಲಸ ಕೊಡುವುದಿಲ್ಲ.