ಏಳನೆಯ ಪಟ

ಪ್ರಭಾಳ ನಗು ಕಾಲೇಜಿಗೆಲ್ಲ ಪ್ರಸಿದ್ಧ. ಅದಕ್ಕೇ ಮನಶ್ಶಾಸ್ತ್ರದ ಮೇಷ್ಟ್ರು ಶ್ಯಾಮಸುಂದರ ರಾಯರು ಮುಖಭಾವದ ಎಂಟು ಪಟ ತೆಗೆಸಿದಾಗ ಏಳನೆಯದಕ್ಕೆ ಅವಳನ್ನೇ ಕೂರಿಸಿದರು. "ಓದುಬರಹ ಬಾರದ ಹತ್ತು ಜನಕ್ಕೆ ಇವನ್ನು ತೋರಿಸಿ, ಯಾವ ಭಾವ ಅಂತ ಬರೆದು ತನ್ನಿ. ಅಚ್ಚುಕಟ್ಟಾಗಿದ್ದರೆ ಸಹಾಯಕಿಯ ಹುದ್ದೆ ನಿಮಗೇ" ಎಂದು ನನಗೆ ಹೇಳಿದರು. ಬಿ.ಎ. ಮುಗಿಸಿ ರಾಜಾಜಿನಗರದ ಹೊಸ ಮನೆಯಲ್ಲಿ ಡೈರಿ ಬರೆಯುತ್ತ ಕುಳಿತಿದ್ದ ನನಗೆ ಆ ಹುದ್ದೆ ಬೇಕೇ ಬೇಕಿತ್ತು. ಅಪರಿಚಿತರನ್ನು ಮಾತಾಡಿಸುವುದೊಂದೇ ಕಷ್ಟ.

ನಮಗೆ ಮೊಸರು ತರುವ ಮುನಿತಾಯಮ್ಮ ತಮ್ಮೂರು ಮಾರೇನಹಳ್ಳಿಗೆ ಕರೆದೊಯ್ದು, ತಮ್ಮ ಮನೆಯ ಜಗಲಿಯ ಮೇಲೆ ಹೆಂಗಸರನ್ನು ಸೇರಿಸಿದರು. ತಲೆ ತಗ್ಗಿಸಿಯೇ ಪಟ ತೋರಿಸಿದೆ, ಹೇಳಿದ್ದನ್ನು ಬರೆದುಕೊಂಡೆ. ಹುಬ್ಬು ಗಂಟಿಕ್ಕಿದವನಿಗೂ 'ಪಾಪ', ಪ್ರಭಾಳ ನಗುವಿಗೂ 'ಸಂಕಟ'. ಹತ್ತು ಜನವೂ ಹಾಗೆಯೇ. ಮುದುಕಿ ಹನುಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಷ್ಟು ನಕ್ಕೊಂಡಿದ್ದ ಹೆಣ್ಣು! ಹೆರಿಗೇಲಿ ಸತ್ಲಾ, ಕಾಲರಾನಾ?"

"ಸಾಯೋದಾ? ನನ್ನ ಗೆಳತಿ ಅವ್ಳು. ನಿನ್ನೆ ನಮ್ಮನೇಲಿ ಉಪ್ಪಿಟ್ಟು ತಿಂದು ಹೋದ್ಲು!"

"ಮತ್ತೆ ಪಟ ಯಾಕೆ ತೆಗ್ಸಿದ್ರವ್ವಾ?" ಎಂದರು ಮುನಿತಾಯಮ್ಮ.

ತಲೆಯೆತ್ತಿ ಒಳಗೆ ನೋಡಿದೆ. ಗೋಡೆಯ ಮೇಲೆ ಒಂದೇ ಪಟ, ತೀರಿಕೊಂಡ ಯಜಮಾನರದು. ಕುಂಕುಮವಿಟ್ಟು ಹೂ ಮುಡಿಸಿದ್ದರು. ಆ ಊರಿನಲ್ಲಿ ಪಟವೆಂದರೆ ಸತ್ತವರದೇ.

"ನಿನ್ ಮನೆ ಕಾಯ್ವಾಗ, ಬದುಕಿರೋಳಿಗೋಸ್ಕರ ನನ್ನ ಅಳಿಸ್ಬಿಟ್ಯಲ್ಲೇ!" ಹನುಮಕ್ಕ ನನ್ನ ಬೆನ್ನಿಗೆ ಗುದ್ದಿದಳು. ಜಗಲಿಯೆಲ್ಲ ನಗು. "ಕೊಡು ಇತ್ಲಾಗೆ, ಇನ್ನೊಂದ್ಸಲ ನೋಡ್ತೀವಿ. ಇವ್ನಿಗ್ಯಾಕೆ ಇಷ್ಟು ಸಿಟ್ಟು? ಹೆಂಡ್ತಿ ಸಾರು ಸೀಯಿಸಿದ್ಲಾ?"

ಈ ಸಲ ಉತ್ತರಗಳು ಪಾಠದಲ್ಲಿದ್ದಂತೆಯೇ ಬಂದವು. ಹಳೆಯ ಹಾಳೆ ಹರಿದುಬಿಟ್ಟರೆ ಕೆಲಸ ಅಚ್ಚುಕಟ್ಟು. ಆದರೆ ಪ್ರಭಾಳ ಪಟದಲ್ಲಿ ಅದೇ ತುಟಿ, ಅದೇ ಹಲ್ಲು. ಅವಳು ಬದುಕಿದ್ದಾಳೆಂಬ ಸುದ್ದಿಯಷ್ಟೇ ಹೊಸದು. ಹರಿಯಲು ಕೈ ಬರಲಿಲ್ಲ.

ಸೋಮವಾರ ಎರಡೂ ಹಾಳೆಗಳನ್ನು ರಾಯರ ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದೆ. ಅವರ ಮುಖ ಬಿಗಿದುಕೊಂಡಿತು. ಹುದ್ದೆ ಹೋಯಿತೆಂದುಕೊಂಡೆ. ಆಮೇಲೆ, ನನಗೇ ಆಶ್ಚರ್ಯವಾಗುವಂತೆ, ಬಾಯಿಬಿಟ್ಟು ಕೇಳಿದೆ.

"ಕೋಪ ಬಂದಿದೆಯಾ ಸಾರ್?"

"ಇಲ್ಲಮ್ಮ, ನಾಚಿಕೆ. ಪಟ ಅಂದ್ರೆ ಅವರಿಗೇನು ಅಂತ ನಾನು ಮೊದಲೇ ವಿಚಾರಿಸಬೇಕಿತ್ತು." ಎರಡೂ ಹಾಳೆಗಳನ್ನು ಒಟ್ಟಿಗೆ ಪಿನ್ ಮಾಡಿದರು. "ನಾಳೆಯಿಂದ ಹತ್ತಕ್ಕೆ ಕೆಲಸಕ್ಕೆ ಬನ್ನಿ. ಪಟ ಅಂದ್ರೆ ಕೆಂಗೇರಿ ಹಳ್ಳಿಯವರು ಏನಂತಾರೋ ನೋಡೋಣ."